ಮೇಜಿನ ಮೇಲಿನ ಊರು

ಥ್ರೀಡಿ ಪ್ರಿಂಟಿಂಗ್ ಅಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಹಲ್ಲಿನ ಡಾಕ್ಟರು ಅದರಲ್ಲೇ ದವಡೆಯ ಅಚ್ಚು ತೆಗೆಯುತ್ತಾರೆ, ಕಾಲೇಜು ಹುಡುಗರು ಮೊಬೈಲ್ ಇಡುವ ಸ್ಟ್ಯಾಂಡು ಮಾಡಿಕೊಳ್ಳುತ್ತಾರೆ. ಆದರೆ ಈ ಯಂತ್ರಕ್ಕೂ ಊರು ಕಟ್ಟುವ ಕೆಲಸಕ್ಕೂ ಹಳೆಯ ನಂಟೊಂದಿದೆ. ಅದು ನೂರು ವರ್ಷಕ್ಕೂ ಹಳೆಯದು. ಆ ನಂಟಿನ ಕಥೆಯನ್ನು ಒಂದೇ ಕಡೆ ಬರೆದಿಡಬೇಕು ಎಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಮ್ಮ ಸೊಸೈಟಿಯ ರೀಡೆವಲಪ್‌ಮೆಂಟ್ ಗಲಾಟೆ ಅದಕ್ಕೊಂದು ನೆಪವಾಯಿತು.

ನಾನು ಅಂಕೋಲೆಯಿಂದ ಮುಂಬಯಿಗೆ ಬಂದದ್ದು 1979ರಲ್ಲಿ. ಮೂವತ್ತೈದು ವರ್ಷ ಕಟ್ಟಡದ ನಕಾಶೆ ಬಿಡಿಸಿಯೇ ಹೊಟ್ಟೆ ಹೊರೆದವನು. ಮೊದಲು ಟ್ರೇಸಿಂಗ್ ಪೇಪರು, ಶಾಯಿ ಪೆನ್ನು, ಅಮೋನಿಯಾ ವಾಸನೆ ಹೊಡೆಯುವ ಪ್ರಿಂಟು, ಆಮೇಲೆ ಆಟೋಕ್ಯಾಡ್. ಈ ವೃತ್ತಿಯಲ್ಲಿ ನಾನು ಕಂಡುಕೊಂಡ ಒಂದು ಸಂಗತಿ ಇದೆ. ನಕಾಶೆ ಓದಬಲ್ಲವರು ಕಡಿಮೆ. ಓದಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವವರು ಇನ್ನೂ ಕಡಿಮೆ. ಮನೆಯನ್ನು ಸೊಂಟದೆತ್ತರಕ್ಕೆ ಕೊಯ್ದು, ಮೇಲಿನ ಭಾಗ ಎತ್ತಿಟ್ಟು, ಆಕಾಶದಿಂದ ಇಣುಕಿದರೆ ಕಾಣುವ ಚಿತ್ರ ಅದು. ಯಾವ ಮನುಷ್ಯನೂ ತನ್ನ ಮನೆಯನ್ನು ಹಾಗೆ ನೋಡಿರುವುದಿಲ್ಲ. ಸಭೆಯಲ್ಲಿ ಆ ಹಾಳೆ ಹರಡಿದಾಗ ಎಲ್ಲರೂ ತಲೆ ಆಡಿಸುತ್ತಾರೆ, ಸಹಿ ಹಾಕುತ್ತಾರೆ. ಗೋಡೆ ಮೇಲೆದ್ದ ನಂತರ "ಅಯ್ಯೋ, ಇದು ಹೀಗಾ?" ಅನ್ನುತ್ತಾರೆ.

ಮಾದರಿ, ಅಂದರೆ ಮಾಡೆಲ್, ಹುಟ್ಟಿದ್ದೇ ಈ ತೊಡಕು ಬಿಡಿಸುವುದಕ್ಕೆ. ಆದರೆ ಮಾದರಿಯನ್ನು ಯಾರು ಮಾಡಿಸುತ್ತಾರೆ, ಯಾರು ಮುಟ್ಟಬಹುದು ಎಂಬುದು ಬೇರೆಯೇ ಪ್ರಶ್ನೆ.

ಪದರದ ಕಥೆ

ಥ್ರೀಡಿ ಮುದ್ರಣದ ಮೂಲ ಉಪಾಯ ಒಂದೇ: ವಸ್ತುವನ್ನು ಕೆತ್ತಿ ತೆಗೆಯುವುದಲ್ಲ, ಪದರದ ಮೇಲೆ ಪದರ ಇಟ್ಟು ಬೆಳೆಸುವುದು. ಕಲ್ಲುಕುಟಿಗನ ದಾರಿ ಒಂದಾದರೆ, ಹುತ್ತ ಕಟ್ಟುವ ಗೆದ್ದಲಿನ ದಾರಿ ಇನ್ನೊಂದು.

ಈ ಉಪಾಯದ ಬೇರು ಹುಡುಕುತ್ತಾ ಹೋದರೆ ಸಿಗುವುದು ಭೂಪಟ. 1892ರಲ್ಲಿ ಬ್ಲಾಂಥರ್ ಎಂಬವನಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಗುಡ್ಡದ ಸಮಎತ್ತರ ರೇಖೆಗಳನ್ನು ಒಂದೊಂದಾಗಿ ಮೇಣದ ಹಲಗೆಗಳ ಮೇಲೆ ಮೂಡಿಸಿ, ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಅಂಚು ನಯ ಮಾಡಿದರೆ ಗುಡ್ಡದ ಅಚ್ಚು ಸಿದ್ಧ. ಆ ಅಚ್ಚಿನ ನಡುವೆ ಕಾಗದ ಒತ್ತಿದರೆ ಉಬ್ಬು ಭೂಪಟ. ಇಂದಿನ ಪ್ರಿಂಟರ್ ಮಾಡುವುದೂ ಅದನ್ನೇ. ಕತ್ತರಿ ಹಿಡಿಯುವ ಕೈ ಮಾತ್ರ ಬೇರೆ. ಅಂದರೆ ನೆಲವನ್ನು ಜನರ ಕಣ್ಣಿಗೆ ಕಾಣಿಸಬೇಕೆಂಬ ಆಸೆ ಈ ತಂತ್ರದ ತೊಟ್ಟಿಲಲ್ಲೇ ಇತ್ತು.

ಕಂಪ್ಯೂಟರ್ ಕಾಲಕ್ಕೆ ಬಂದರೆ ಮೊದಲ ಹೆಸರು ಜಪಾನಿನ ಹಿದೆಯೊ ಕೊಡಾಮಾ ಅವರದು. ನಗೋಯಾ ನಗರದ ಕೈಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರು, ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವವನ್ನು ಪದರ ಪದರವಾಗಿ ಹೆಪ್ಪುಗಟ್ಟಿಸುವ ವಿಧಾನವನ್ನು 1981ರಲ್ಲಿ ಪ್ರಕಟಿಸಿದರು. ಪೇಟೆಂಟಿಗೆ ಅರ್ಜಿ ಹಾಕಿದ್ದರೂ ಗಡುವಿನೊಳಗೆ ಮುಂದಿನ ಕೆಲಸ ಆಗಲಿಲ್ಲ, ಹಕ್ಕು ತಪ್ಪಿಹೋಯಿತು. 1983ರಲ್ಲಿ ಅಮೆರಿಕದ ಚಕ್ ಹಲ್ ಇದೇ ಜಾತಿಯ ಯಂತ್ರದಲ್ಲಿ ಕಣ್ಣು ತೊಳೆಯುವ ಪುಟ್ಟ ಬಟ್ಟಲೊಂದನ್ನು ತೆಗೆದರು. ಪೇಟೆಂಟ್ ಕೈಸೇರಿದ್ದು 1986ರ ಮಾರ್ಚಿನಲ್ಲಿ. ಕಾದ ಹಾಲು ತಣ್ಣಗಾಗುವಾಗ ಮೇಲೆ ಕೆನೆ ಕಟ್ಟುತ್ತದಲ್ಲ, ಆ ಕೆನೆಯನ್ನು ಕೆಳಕ್ಕೆ ಇಳಿಸಿ ಮತ್ತೊಂದು ಕೆನೆ ಕಟ್ಟಿಸಿದ ಹಾಗೆ ಈ ಯಂತ್ರದ ಕೆಲಸ.

ಎರಡನೆಯ ದಾರಿ ನಮ್ಮ ಅಡಿಗೆಮನೆಗೆ ಇನ್ನೂ ಹತ್ತಿರದ್ದು. 1988ರಲ್ಲಿ ಸ್ಕಾಟ್ ಕ್ರಂಪ್ ಎಂಬ ಎಂಜಿನಿಯರ್ ಮಗಳಿಗೆ ಆಟದ ಕಪ್ಪೆ ಮಾಡಿಕೊಡಲು ಹೊರಟು, ಅಂಟು ಸುರಿಸುವ ಗನ್ನಿಗೆ ಪ್ಲಾಸ್ಟಿಕ್ಕನ್ನೂ ಮೇಣವನ್ನೂ ತುಂಬಿ ಎಳೆ ಎಳೆಯಾಗಿ ಸುರಿದರು. ಚಕ್ಕುಲಿ ಒರಳಿನಿಂದ ಹಿಟ್ಟು ಇಳಿಯುವುದನ್ನು ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಕಾಲೇಜುಗಳಲ್ಲಿ, ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಚಕ್ಕುಲಿ ಜಾತಿಯ ಪ್ರಿಂಟರೇ.

ಆದರೆ ವಾಸ್ತುಶಿಲ್ಪಿಗಳ ಆಫೀಸಿಗೆ ಮೊದಲು ದೊಡ್ಡದಾಗಿ ನುಗ್ಗಿದ್ದು ಮೂರನೆಯ ದಾರಿ. ಎಂಐಟಿಯ ಇಮ್ಯಾನುಯೆಲ್ ಸ್ಯಾಕ್ಸ್ ಮತ್ತು ಸಂಗಡಿಗರು 1993ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ಪುಡಿಯನ್ನು ತೆಳ್ಳಗೆ ಹರಡುವುದು, ಕಾಗದದ ಮೇಲೆ ಶಾಯಿ ಚಿಮ್ಮುವ ಪ್ರಿಂಟರಿನಂತೆ ಬೇಕಾದಲ್ಲಿ ಅಂಟು ಚಿಮ್ಮುವುದು, ಮತ್ತೆ ಪುಡಿ, ಮತ್ತೆ ಅಂಟು. ಜೀ ಕಾರ್ಪೊರೇಶನ್ ಎಂಬ ಕಂಪನಿ ತೊಂಬತ್ತರ ದಶಕದಲ್ಲಿ ಈ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅಂಟು ಬೀಳದ ಪುಡಿಯೇ ಮೇಲಿನ ಪದರಕ್ಕೆ ಆಧಾರ. ಹಾಗಾಗಿ ಸಜ್ಜಾ, ಬಾಲ್ಕನಿ, ಕಮಾನು ಏನೇ ಚಾಚಿಕೊಂಡಿದ್ದರೂ ಕೆಳಗೆ ಊರುಗೋಲು ಬೇಡ. ಜೊತೆಗೆ ಬಣ್ಣವನ್ನೂ ಸೇರಿಸಬಹುದು. ನಾಲ್ಕು ಜನ ವಾರಗಟ್ಟಲೆ ಕೂತು ಬ್ಲೇಡಿನಿಂದ ಕೊರೆಯುತ್ತಿದ್ದ ಮಾದರಿ ಒಂದೆರಡು ದಿನದಲ್ಲಿ ಹೊರಬರತೊಡಗಿತು. ಬೆರಳ ತುಂಬ ಬ್ಲೇಡಿನ ಗಾಯ ಮಾಡಿಕೊಂಡವರಿಗೆ ಇದರ ಬೆಲೆ ಗೊತ್ತು!

ಈ ಎಲ್ಲ ಯಂತ್ರಗಳೂ ಲಕ್ಷಗಳ ಬಾಬತ್ತು. ಅವು ಸಾಮಾನ್ಯರ ಕೈಗೆಟಕುವಂತಾದದ್ದು ಎರಡು ಕಾರಣಕ್ಕೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ 'ರೆಪ್‌ರ‍್ಯಾಪ್' ಶುರು ಮಾಡಿದರು. ತನ್ನ ಬಿಡಿಭಾಗಗಳನ್ನು ತಾನೇ ಮುದ್ರಿಸಿಕೊಳ್ಳಬಲ್ಲ ಪ್ರಿಂಟರ್, ಅದರ ನಕ್ಷೆ ಎಲ್ಲರಿಗೂ ಪುಕ್ಕಟೆ. 2009ರಲ್ಲಿ ಚಕ್ಕುಲಿ ಜಾತಿಯ ಯಂತ್ರದ ಮುಖ್ಯ ಪೇಟೆಂಟಿನ ಅವಧಿ ಮುಗಿಯಿತು. ಆಮೇಲೆ ಬೆಲೆ ಬಿದ್ದದ್ದು ನಿಂತಿಲ್ಲ.

ಗಾಜಿನ ಆಚೆಗಿನ ಊರುಗಳು

ಇನ್ನು ಊರಿನ ಮಾದರಿಗಳ ಮಾತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1938ರಿಂದ 1940ರವರೆಗೆ, ಆರ್ಥಿಕ ಕುಸಿತದ ಕಾಲದ ಉದ್ಯೋಗ ಯೋಜನೆಯಡಿ, ಇಡೀ ನಗರದ ಮರದ ಮಾದರಿ ಕಟ್ಟಿದರು. ಒಂದು ಇಂಚಿಗೆ ನೂರು ಅಡಿಯ ಪ್ರಮಾಣ. ಸುಮಾರು 41 ಅಡಿ ಉದ್ದ, 37 ಅಡಿ ಅಗಲ. ಬೀದಿ ಬದಲಾದರೆ ಆ ತುಂಡನ್ನು ಕಿತ್ತು ಹೊಸದನ್ನು ಕೂರಿಸುವ ಏರ್ಪಾಡೂ ಇತ್ತು. ಆದರೆ 1942ರ ಹೊತ್ತಿಗೆ, ಯುದ್ಧದ ಗಡಿಬಿಡಿಯಲ್ಲಿ, ನಗರಸಭೆಯ ಜಾಗದಿಂದ ಅದು ತೆರವಾಯಿತು. ಮುಂದೆ ಅದರ ಪೇಟೆಯ ಭಾಗ ಮಾತ್ರ ವಿಶ್ವವಿದ್ಯಾಲಯದ ಬಳಕೆಗೆ ಬಂತು, ಉಳಿದದ್ದು ಪೆಟ್ಟಿಗೆಗಳಲ್ಲಿ ಮಲಗಿತು. 2019ರಲ್ಲಿ ಅದರ ಧೂಳು ಒರೆಸಿ, ತುಂಡು ತುಂಡಾಗಿ ನಗರದ ಸಾರ್ವಜನಿಕ ಗ್ರಂಥಾಲಯಗಳಿಗೆ ಕಳಿಸಿದರು. ಆಯಾ ಕೇರಿಯ ಜನ ತಮ್ಮ ಕೇರಿಯ ತುಂಡಿನ ಸುತ್ತ ನಿಂತರು. ಸುಮಾರು ಎಂಬತ್ತು ವರ್ಷಗಳಲ್ಲಿ ಏನು ಅಳಿಯಿತು, ಯಾರ ಮನೆ ಹೋಯಿತು ಎಂಬ ಮಾತು ಅಲ್ಲಿ ಎದ್ದಿತು.

ನ್ಯೂಯಾರ್ಕಿನದು ಇನ್ನೂ ಅದ್ದೂರಿ. 1964ರ ವಿಶ್ವಮೇಳಕ್ಕೆಂದು ರಾಬರ್ಟ್ ಮೋಸೆಸ್ ಮಾಡಿಸಿದ 'ಪನೋರಮಾ' 9,335 ಚದರ ಅಡಿ ವಿಸ್ತಾರದ್ದು. 1992ರಲ್ಲಿ ಪರಿಷ್ಕರಿಸಿದಾಗ ಅದರಲ್ಲಿದ್ದ ಕಟ್ಟಡಗಳು 8,95,000. ಹೆದ್ದಾರಿಗಳಿಗಾಗಿ ಕೇರಿಗಳನ್ನೇ ಕೊಯ್ದ ಮನುಷ್ಯ ಮೋಸೆಸ್. ಮೇಲಿನಿಂದ ಊರನ್ನು ನೋಡುವ ಅವರ ಕಣ್ಣಿಗೆ ಈ ಮಾದರಿ ಸರಿಯಾಗಿ ಹೊಂದುತ್ತಿತ್ತು. ಕ್ವೀನ್ಸ್ ಮ್ಯೂಸಿಯಮ್ಮಿನಲ್ಲಿರುವ ಆ ಮಾದರಿಯಲ್ಲಿ ಇಡೀ ನಗರವಿದೆ, ಒಬ್ಬ ಮನುಷ್ಯನೂ ಇಲ್ಲ.

ಮುದ್ರಣಯಂತ್ರ ಈ ಪರಂಪರೆಗೆ ಬಂದು ಸೇರಿತು. 1909ರ ಬರ್ನ್‌ಹ್ಯಾಮ್ ಯೋಜನೆಯ ಶತಮಾನೋತ್ಸವಕ್ಕೆ 2009ರಲ್ಲಿ ಶಿಕಾಗೋ ನಡುಪೇಟೆಯ ಮಾದರಿ ಮಾಡಿದರು. ಸಾವಿರಕ್ಕೂ ಮಿಕ್ಕಿದ ಕಟ್ಟಡಗಳು, ಹಲ್ ಅವರ ಕೆನೆ ಕಟ್ಟುವ ವಿಧಾನದಲ್ಲಿ. 2015ರಲ್ಲಿ ಲಂಡನ್ನಿನ ಸರದಿ: 1:2000 ಪ್ರಮಾಣದಲ್ಲಿ ಹನ್ನೆರಡೂವರೆ ಮೀಟರ್ ಉದ್ದದ ಮುದ್ರಿತ ಮಾದರಿ. ನೋಡುವುದಕ್ಕೆ ಎರಡು ಕಣ್ಣು ಸಾಲದು. ಆದರೂ ಇವೆಲ್ಲ ನೋಡುವುದಕ್ಕೆ ಮಾಡಿದವು, ಬದಲಿಸುವುದಕ್ಕಲ್ಲ.

ಕೈಗೆ ಸಿಕ್ಕ ಊರುಗಳು

ಇನ್ನೊಂದು ಪರಂಪರೆ ಇದೆ. ಅದರಲ್ಲಿ ನಮ್ಮ ದೇಶಕ್ಕೂ, ಈ ಮುಂಬಯಿಗೂ ದೊಡ್ಡ ಪಾಲಿದೆ.

ಸ್ಕಾಟ್‌ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಮೂಲತಃ ಸಸ್ಯಶಾಸ್ತ್ರಜ್ಞ. ನಗರಯೋಜನೆಯ ವಸ್ತುಪ್ರದರ್ಶನವನ್ನು ಭಾರತಕ್ಕೆ ತರುತ್ತಿದ್ದಾಗ, 1914ರಲ್ಲಿ ಅದನ್ನು ಹೊತ್ತ ಹಡಗನ್ನು ಜರ್ಮನಿಯ 'ಎಮ್ಡೆನ್' ಮುಳುಗಿಸಿತು. ಅವರು ಎದೆಗುಂದಲಿಲ್ಲ. ಹೊಸ ಸಾಮಗ್ರಿ ಕೂಡಿಸಿಕೊಂಡು 1915ರ ಜನವರಿಯಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಸಿಯೇ ಬಿಟ್ಟರು. ಅವರ ಅತಿ ಸೊಗಸಾದ ಪ್ರಯೋಗ ನಡೆದದ್ದು ಇಂದೋರಿನಲ್ಲಿ. ಪ್ಲೇಗಿನಿಂದ ನಲುಗಿದ್ದ ಆ ಊರಿನ ಯೋಜನೆ ಸಿದ್ಧಪಡಿಸುವ ಕೆಲಸ ಅವರಿಗೆ ಬಂದಿತ್ತು; ವರದಿ ಹೊರಬಿದ್ದದ್ದು 1918ರಲ್ಲಿ. ದೀಪಾವಳಿಯ ಮೆರವಣಿಗೆ ಯಾವ ಬೀದಿಯಲ್ಲಿ ಹಾಯಬೇಕು ಎಂಬುದಕ್ಕೆ ಅವರು ಹಾಕಿದ ಶರತ್ತು ಒಂದೇ: ಯಾವ ಬೀದಿಯವರು ಮನೆ ರಿಪೇರಿ ಮಾಡಿ, ಕಸ ತೆಗೆದು ಚೊಕ್ಕ ಮಾಡುತ್ತಾರೋ ಆ ಬೀದಿಗೆ ಮೆರವಣಿಗೆ. ಗಾಡಿಗಟ್ಟಲೆ ಕಸ ಊರಾಚೆ ಹೋಯಿತು. ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸ, ಪ್ಲೇಗಿನ ದೊಡ್ಡ ಇಲಿ. ಅವುಗಳ ಹಿಂದೆ ಬಿಳಿ ಬಟ್ಟೆ ತೊಟ್ಟು, ಹಾರ ಹಾಕಿಕೊಂಡು, ಹೊಸ ಪೊರಕೆ ಹಿಡಿದ ಊರಿನ ಜಾಡಮಾಲಿಗಳು. ಅವರ ನಂತರ ಮುಂದೆ ಕಟ್ಟಲಿರುವ ಊರಿನ ಮಾದರಿಗಳು. ಇಲಿ, ರಾಕ್ಷಸರನ್ನು ಕೊನೆಗೆ ಸುಟ್ಟರು.

ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದ ನನಗೆ ಗೆಡ್ಡೆಸ್ ಮಾಡಿದ್ದು ತಟ್ಟನೆ ಅರ್ಥವಾಗುತ್ತದೆ. ಊರಿನ ನಕಾಶೆಯನ್ನು ಅವರು ಕಚೇರಿಯಿಂದ ಹೊರಗೆ ತಂದು ಹಬ್ಬದ ಗಾಡಿಗೆ ಏರಿಸಿದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಶುರುವಾದಾಗ ಅದರ ಮೊದಲ ಪ್ರಾಧ್ಯಾಪಕರೂ ಅವರೇ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಟೋನಿ ಗಿಬ್ಸನ್ ಎಪ್ಪತ್ತರ ದಶಕದಲ್ಲಿ ಇದಕ್ಕೊಂದು ಶಿಸ್ತು ತಂದರು. ಕೇರಿಯ ಜನರೇ ರಟ್ಟಿನಲ್ಲಿ ತಮ್ಮ ಕೇರಿಯ ಮಾದರಿ ಮಾಡುವುದು, ಅದನ್ನು ಶಾಲೆಗೆ, ಅಂಗಡಿ ಮುಂದಕ್ಕೆ ಹೊತ್ತೊಯ್ಯುವುದು. 'ಇಲ್ಲಿ ದೀಪ ಬೇಕು', 'ಇಲ್ಲಿ ಆಟದ ಜಾಗ ಬೇಕು' ಎಂಬ ಚೀಟಿಗಳನ್ನು ಯಾರು ಬೇಕಾದರೂ ತಮಗೆ ಬೇಕಾದಲ್ಲಿ ಇಡುವುದು. ಗ್ಲಾಸ್ಗೋ ನಗರದ ಡಾಲ್ಮಾರ್ನಾಕಿನಲ್ಲಿ 1977ರಲ್ಲಿ ಇದು ಮೊದಲು ಬಳಕೆಗೆ ಬಂತು. ಇದರ ಗುಟ್ಟು ಇಷ್ಟೇ: ಚೀಟಿ ಇಡಲು ಮೈಕು ಹಿಡಿಯಬೇಕಾಗಿಲ್ಲ. ಸಭೆಯಲ್ಲಿ ಬಾಯಿ ಬಿಡದವನ ಕೈಯೂ ಮಾದರಿಯ ಮೇಲೆ ಮಾತಾಡುತ್ತದೆ.

ಈಗ ಭಾಯಖಳಾಕ್ಕೆ ಬರೋಣ. ಇದು ನಮ್ಮ ಕಣ್ಣೆದುರಿನ ಇತಿಹಾಸ. 1985ರ ಜುಲೈಯಲ್ಲಿ ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಜೀವನೋಪಾಯದ ಹಕ್ಕು ಬದುಕುವ ಹಕ್ಕಿನ ಭಾಗವೇ ಎಂದಿತು, ಆದರೆ ಫುಟ್‌ಪಾತಿನಲ್ಲಿ ಇರುವ ಹಕ್ಕನ್ನು ಕೊಡಲಿಲ್ಲ. 1984ರಲ್ಲಿ ಹುಟ್ಟಿದ 'ಸ್ಪಾರ್ಕ್' ಸಂಸ್ಥೆ ಅದೇ ವರ್ಷ ಫುಟ್‌ಪಾತ್ ವಾಸಿಗಳನ್ನು ಎಣಿಸಿ ವರದಿ ಹೊರತಂದಿತು. ಆ ಫುಟ್‌ಪಾತಿನ ಹೆಂಗಸರೇ ಸೇರಿ 'ಮಹಿಳಾ ಮಿಲನ್' ಕಟ್ಟಿಕೊಂಡರು.

ಮನೆ ಸಿಗುವುದಾದರೆ ಎಂಥ ಮನೆ ಬೇಕು? ಈ ಪ್ರಶ್ನೆ ಎದ್ದಾಗ ಅವರ ಹತ್ತಿರ ಸ್ಕೇಲೂ ಇರಲಿಲ್ಲ, ನಕಾಶೆ ಬಿಡಿಸುವವನೂ ಇರಲಿಲ್ಲ. ಉಟ್ಟ ಸೀರೆ ಇತ್ತು. ಒಂದು ಸೀರೆ ಎಷ್ಟು ಉದ್ದ ಎಂಬುದು ಪ್ರತಿ ಹೆಂಗಸಿಗೂ ಗೊತ್ತು. ಸೀರೆಯಿಂದಲೇ ಅಳೆದರು. ಕೋಣೆಯ ಅಗಲ, ಎತ್ತರ, ಬಾಗಿಲ ಜಾಗ ಎಲ್ಲ ಹಾಗೇ ನಿಗದಿಯಾಯಿತು. ರಟ್ಟಿನ ಸಣ್ಣ ಮಾದರಿ ಮಾಡಿದರು. ಆಮೇಲೆ, ಎಂಬತ್ತರ ದಶಕದ ಉತ್ತರಾರ್ಧದಲ್ಲಿ, ನಿಜಗಾತ್ರದ ಮನೆಯ ಮಾದರಿಗಳನ್ನೇ ಕಟ್ಟಿ ಪ್ರದರ್ಶನಕ್ಕಿಟ್ಟರು. ಜನ ಒಳಗೆ ಹೊಕ್ಕು, ಕೂತು, ಮಲಗಿ ನೋಡಿದರು. ಅವರ ಮನೆಯ ಎತ್ತರ 14 ಅಡಿ, ಒಳಗೊಂದು ಅಟ್ಟ. ಕೆಳಗೆ ಅಡಿಗೆ, ಮೇಲೆ ನಿದ್ದೆ. ನೆಲ ಚಿಕ್ಕದಾದರೆ ಎತ್ತರದಲ್ಲಿ ಜಾಗ ಹುಡುಕುವುದು ಮುಂಬಯಿಯ ಖೋಲಿಗಳಲ್ಲಿ ಬದುಕಿದ ಎಲ್ಲರಿಗೂ ಗೊತ್ತಿರುವ ವಿದ್ಯೆ. ನಾನೂ ಬಂದ ಹೊಸತರಲ್ಲಿ ಏಳು ಜನರ ಜೊತೆ ಒಂದು ಖೋಲಿಯ ಮಾಳದ ಮೇಲೆ ಮಲಗಿದವನೇ. ಆ ವಿದ್ಯೆ ನಕಾಶೆಯ ಒಳಗೆ ಬಂದದ್ದು ಈ ಹೆಂಗಸರಿಂದ.

ಈ ಚಳವಳಿಯ ಇನ್ನೊಂದು ಆಧಾರಸ್ತಂಭ ಜೋಕಿನ್ ಅರ್ಪುತಂ. ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿ ಊರಿನಲ್ಲಿ. ಮುಂಬಯಿಗೆ ಬಂದು ಜನತಾ ಕಾಲನಿಯ ಝೋಪಡಿಯಲ್ಲಿದ್ದರು. 1976ರಲ್ಲಿ ಆ ಕಾಲನಿಯನ್ನು ಎಬ್ಬಿಸಿ ಚೀತಾ ಕ್ಯಾಂಪಿಗೆ ಸಾಗಿಸಿದಾಗ ಅದರ ವಿರುದ್ಧದ ಹೋರಾಟದ ಮುಂಚೂಣಿಯಲ್ಲಿದ್ದವರು. 2011ರಲ್ಲಿ ಪದ್ಮಶ್ರೀ ಬಂತು, 2018ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮುಂಬಯಿ ಕನ್ನಡಿಗರ ಸಭೆಗಳಲ್ಲಿ ಕರ್ನಾಟಕದಿಂದ ಬಂದ ಸಾಧಕರ ಪಟ್ಟಿ ಓದುವಾಗ ಇವರ ಹೆಸರು ಕೇಳಿದ ನೆನಪು ನನಗಿಲ್ಲ. ತಮಿಳು ಮನೆಮಾತಿನವರು ಎಂದೋ, ಝೋಪಡಿಯವರು ಎಂದೋ ತಿಳಿಯದು.

ಎರಡು ಹೊಳೆ ಕೂಡಿದ್ದು

ಹೀಗೆ ಒಂದು ಕಡೆ ಯಂತ್ರ, ಇನ್ನೊಂದು ಕಡೆ ರಟ್ಟು ಮತ್ತು ಸೀರೆ. ಇವೆರಡೂ ಹತ್ತಿರ ಬಂದದ್ದು ಈ ಶತಮಾನದಲ್ಲಿ. ಎಂಐಟಿಯ ನೀಲ್ ಗರ್ಶೆನ್‌ಫೆಲ್ಡ್ ಅವರು ಸಾಮಾನ್ಯರೂ ಬಳಸಬಹುದಾದ ಚಿಕ್ಕ ತಯಾರಿಕಾ ಕೋಣೆಗಳ, ಅಂದರೆ 'ಫ್ಯಾಬ್ ಲ್ಯಾಬ್'ಗಳ ಕಲ್ಪನೆ ತಂದರು. ಅಮೆರಿಕದ ಹೊರಗೆ ಅದು ಮೊತ್ತಮೊದಲು ಕಾಲಿಟ್ಟ ಜಾಗಗಳಲ್ಲಿ ಒಂದು ಪುಣೆ ಜಿಲ್ಲೆಯ ಪಾಬಳ್ ಎಂಬ ಒಣ ಹಳ್ಳಿ, 2002ರಲ್ಲಿ! ಡಾ. ಎಸ್. ಎಸ್. ಕಲಬಾಗ್ 1983ರಲ್ಲಿ ಅಲ್ಲಿ ಸ್ಥಾಪಿಸಿದ 'ವಿಜ್ಞಾನ ಆಶ್ರಮ'ದಲ್ಲಿ ಶಾಲೆ ಬಿಟ್ಟ ಹುಡುಗರು ಕೈಕೆಲಸದ ಮೂಲಕ ವಿಜ್ಞಾನ ಕಲಿಯುತ್ತಿದ್ದರು. ಪುಣೆಯ ಕನ್ನಡಿಗರು ಒಂದು ಭಾನುವಾರ ಹೋಗಿಬರಬೇಕಾದ ಜಾಗ.

ಜರ್ಮನಿಯ ಹ್ಯಾಂಬರ್ಗಿನಲ್ಲಿ 2016ರಲ್ಲಿ ನಡೆದದ್ದನ್ನೂ ಇಲ್ಲಿ ಹೇಳಬೇಕು. ನಿರಾಶ್ರಿತರಿಗೆ ವಸತಿ ಎಲ್ಲಿ ಕಟ್ಟುವುದು ಎಂಬ ಜಗಳ ಹೊತ್ತಿ ಉರಿಯುತ್ತಿತ್ತು. ಅಲ್ಲಿನ ಹಾಫೆನ್‌ಸಿಟಿ ವಿಶ್ವವಿದ್ಯಾಲಯ ಮತ್ತು ಎಂಐಟಿ ಸೇರಿ ನಗರದ ಮಾದರಿ ಮೇಜುಗಳನ್ನು ಮಾಡಿದವು. ಅಲ್ಲಿ ಬಳಸಿದ್ದು ಮುದ್ರಿತ ತುಂಡುಗಳನ್ನಲ್ಲ, ಮಕ್ಕಳ ಲೆಗೋ ಇಟ್ಟಿಗೆಗಳನ್ನು. ನೀವು ಒಂದು ಇಟ್ಟಿಗೆ ಇಟ್ಟರೆ ಕಂಪ್ಯೂಟರ್ ಅದನ್ನು ಗುರುತಿಸಿ, ಅಲ್ಲಿ ಎಷ್ಟು ಜನ ಇರಬಹುದು, ಕಾನೂನಿನ ತೊಡಕೇನು ಎಂದು ತೋರಿಸುತ್ತದೆ. ಸುಮಾರು ನಾನೂರು ನಾಗರಿಕರು ಕೂತು 161 ಜಾಗಗಳನ್ನು ಸೂಚಿಸಿದರು. ಅಧಿಕಾರಿಗಳ ಪರಿಶೀಲನೆಯಲ್ಲಿ 44 ಉಳಿದವು. ಕಟ್ಟಿದ ಮನೆಗಳು ಅದಕ್ಕಿಂತ ಎಷ್ಟೋ ಕಡಿಮೆ. ಆದರೆ 'ನಮ್ಮ ಬೀದಿಯಲ್ಲಿ ಬೇಡ' ಅನ್ನುವವನು ಇಟ್ಟಿಗೆ ಕೈಯಲ್ಲಿ ಹಿಡಿದು 'ಹಾಗಾದರೆ ಎಲ್ಲಿ?' ಎಂದು ತನ್ನನ್ನೇ ಕೇಳಿಕೊಳ್ಳಬೇಕಾಯಿತು.

ಇನ್ನು ಕಟ್ಟಡವನ್ನೇ ಮುದ್ರಿಸುವ ವಿಚಾರ. ಐಐಟಿ ಮದ್ರಾಸಿನಲ್ಲಿ 2021ರ ಏಪ್ರಿಲಿನಲ್ಲಿ 600 ಚದರ ಅಡಿಯ ಮುದ್ರಿತ ಮನೆ ಉದ್ಘಾಟನೆಯಾಯಿತು. ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಡ್ಜ್ ಲೇಔಟಿನಲ್ಲಿ 1,021 ಚದರ ಅಡಿಯ ಅಂಚೆ ಕಚೇರಿಯನ್ನು ಒಂದೂವರೆ ತಿಂಗಳೊಳಗೆ ಮುದ್ರಿಸಿ, 2023ರ ಆಗಸ್ಟ್ 18ರಂದು ತೆರೆದರು. ಊರಿಗೆ ಹೋದಾಗ ಬೇಕೆಂದೇ ಹೋಗಿ ನೋಡಿ ಬಂದೆ. ಗೋಡೆಯ ಮೇಲೆ ಸಿಮೆಂಟಿನ ಪದರಗಳು ಸಾಲಾಗಿ ಕಾಣುತ್ತವೆ, ಚಕ್ಕುಲಿಯ ಎಳೆಗಳ ಹಾಗೇ. ಚೆನ್ನಾಗಿದೆ. ಆದರೆ ಗೋಡೆ ಬೇಗ ಏಳುವುದು ಬೇರೆ, ಗೋಡೆ ಎಲ್ಲಿ ಏಳಬೇಕು ಎಂದು ಒಳಗೆ ಇರುವವರು ಹೇಳುವುದು ಬೇರೆ. ನನಗೆ ಮುಖ್ಯ ಅನ್ನಿಸುವುದು ಎರಡನೆಯದು.

ನಮ್ಮ ಕಾಂಪೌಂಡಿನಲ್ಲಿ

ನಮ್ಮ ಸೊಸೈಟಿಯದು ಉಪನಗರದ ಹಳೆಯ ಕಟ್ಟಡ, ಮೂರು ವಿಂಗು, ನೆಲದ ಮೇಲೆ ಮೂರು ಮಹಡಿ. ಮಹಾರಾಷ್ಟ್ರ ಸರಕಾರದ 2019ರ ಜುಲೈ 4ರ ನಿರ್ದೇಶನದ ಪ್ರಕಾರ ಒಟ್ಟು ಸದಸ್ಯರಲ್ಲಿ ಶೇಕಡಾ 51 ಜನ ಒಪ್ಪಿದರೆ ರೀಡೆವಲಪ್‌ಮೆಂಟ್ ಮುಂದುವರಿಯಬಹುದು. ಉಳಿದ 49ರ ಮಾತು ಆಮೇಲೆ. ಬಿಲ್ಡರನ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಿರಮಿರ ಮಿಂಚುವ ಮಾದರಿ ಇಟ್ಟಿದ್ದರು. ಒಳಗಿಂದ ದೀಪ, ಈಜುಕೊಳದಲ್ಲಿ ನೀಲಿ ನೀರು, ಸ್ಪಂಜಿನ ಮರ. ಸುತ್ತಲಿನ ಕಟ್ಟಡ ಒಂದೂ ಇಲ್ಲ, ಬಯಲಲ್ಲಿ ಅರಮನೆ ಎದ್ದ ಹಾಗೆ!

ಎರಡನೇ ವಿಂಗಿನ ಒಬ್ಬರ ಮೊಮ್ಮಗ ಎಂಜಿನಿಯರಿಂಗ್ ಓದುತ್ತಿದ್ದ, ಅವನ ಹತ್ತಿರ ಚಿಕ್ಕ ಪ್ರಿಂಟರಿತ್ತು. ನಾನು ಅಳತೆ ಕೊಟ್ಟೆ, ಅವನು ಕಂಪ್ಯೂಟರಿನಲ್ಲಿ ಎಬ್ಬಿಸಿದ. 1:200 ಪ್ರಮಾಣ. ಜೋಳದ ಪಿಷ್ಟದಿಂದ ಮಾಡುವ ಪಿಎಲ್ಎ ಎಂಬ ಪ್ಲಾಸ್ಟಿಕ್ ದಾರ, ಕಿಲೋಗೆ ಸಾವಿರ ರೂಪಾಯಿ ಆಸುಪಾಸು. 70 ಮೀಟರ್ ಟವರು 35 ಸೆಂಟಿಮೀಟರ್ ಆಗುತ್ತದೆ. ಒಂದು ಪದರ 0.2 ಮಿಲಿಮೀಟರಿನಂತೆ 1,750 ಪದರ. ಪ್ರಿಂಟರಿನ ಎತ್ತರ ಸಾಲದೆ ಎರಡು ತುಂಡು ಮಾಡಿ ಅಂಟಿಸಿದೆವು. ಮಧ್ಯರಾತ್ರಿ ಕರೆಂಟು ಹೋಗಿ ಒಂದು ತುಂಡು ಅರ್ಧಕ್ಕೇ ನಿಂತಿತು, ಮತ್ತೆ ಮೊದಲಿಂದ. ಒಟ್ಟು ಐದು ರಾತ್ರಿ. ಸುತ್ತಲಿನ ನೆರೆಮನೆಗಳನ್ನು ಮಾತ್ರ ಥರ್ಮೋಕೋಲಿನಲ್ಲಿ ಕೊಯ್ದೆ. ಬೆರಳಿಗೆ ಹಳೆಯ ಅಭ್ಯಾಸ ಮರೆತಿರಲಿಲ್ಲ.

ಭಾನುವಾರ ಕಾಂಪೌಂಡಿನಲ್ಲಿ ಕ್ಯಾರಂ ಮೇಜಿನ ಮೇಲೆ ಇಟ್ಟೆವು. ಕಟ್ಟಡಗಳನ್ನು ಅಂಟಿಸಿರಲಿಲ್ಲ, ಎತ್ತಿ ಇಡಬಹುದಿತ್ತು. ಮೂರನೇ ಮಹಡಿಯ ಕುಮಟೆ ಕಡೆಯ ಅಜ್ಜಿ ಎಲ್ಲರಿಗಿಂತ ಮೊದಲು ಬಂದು, ಟವರನ್ನು ಬೆರಳಿಂದ ಸವರಿ, "ತಮಾ, ಇದ್ರಲ್ಲಿ ನನ್ ಮನೆ ಎಲ್ಲದೆ?" ಅಂದರು. ನಾನು ಹಿಂದಿನ ಗಿಡ್ಡ ಕಟ್ಟಡ ತೋರಿಸಿದೆ. ಬಿಲ್ಡರನ ಯೋಜನೆಯಲ್ಲಿ ಮಾರಾಟದ ಟವರು ದಕ್ಷಿಣದ ರಸ್ತೆಗೆ, ನಾವು ಹಳಬರ ಹತ್ತು ಮಹಡಿ ಅದರ ಬೆನ್ನಿಗೆ.

"ಬಿಸ್ಲು ಬರ್ತದ್ಯಾ?"

ಡಿಸೆಂಬರ್ ಕೊನೆಯಲ್ಲಿ ಮುಂಬಯಿಯ ನಡುಹಗಲ ಸೂರ್ಯ ದಕ್ಷಿಣದಲ್ಲಿ ಸುಮಾರು 47 ಡಿಗ್ರಿ ಎತ್ತರದಲ್ಲಿರುತ್ತಾನೆ. ನನ್ನ ಹಳೆಯ 45 ಡಿಗ್ರಿ ಸೆಟ್ ಸ್ಕ್ವೇರ್ ತಂದು ಓರೆ ನೋಡಿ, ದೂರದಿಂದ ಮೊಬೈಲಿನ ಟಾರ್ಚು ಹಿಡಿಸಿದೆ. ಟವರಿನ ನೆರಳು ನಮ್ಮ ಕಟ್ಟಡವನ್ನು ನೆತ್ತಿಯವರೆಗೆ ನುಂಗಿ ಆಚೆಗೆ ಹೋಯಿತು. ಲೆಕ್ಕ ಹಾಕಿದರೂ ಅಷ್ಟೇ: 70 ಮೀಟರ್ ಟವರಿನ ಆ ಹೊತ್ತಿನ ನೆರಳು ಸುಮಾರು 64 ಮೀಟರ್. ಇದೇ ಸಂಗತಿ ನಕಾಶೆಯ ಹಾಳೆಯಲ್ಲಿ ನಾಲ್ಕು ತಿಂಗಳಿಂದ ನಮ್ಮೆದುರು ಇತ್ತು. ಯಾರೂ ಕಂಡಿರಲಿಲ್ಲ. ಅಂದು ಎಲ್ಲರೂ ಒಮ್ಮೆಲೇ ಸುಮ್ಮನಾದರು, ಆಮೇಲೆ ಒಮ್ಮೆಲೇ ಮಾತಾಡಿದರು.

ಮೂರು ಭಾನುವಾರ ಕೂತೆವು. ಒಬ್ಬರು ಟವರನ್ನು ಪಶ್ಚಿಮಕ್ಕೆ ಸರಿಸಿದರು. ಇನ್ನೊಬ್ಬರು ತಮ್ಮ ಕಿಟಕಿ ಮುಚ್ಚಿತೆಂದು ಮತ್ತೆ ತಂದಿಟ್ಟರು. ಬೆಂಕಿ ನಂದಿಸುವ ಗಾಡಿಗೆ ಆರು ಮೀಟರ್ ದಾರಿ ಬೇಕೆಂದು ಮೂರು ಸೆಂಟಿಮೀಟರ್ ಅಗಲದ ರಟ್ಟಿನ ಪಟ್ಟಿ ಮಾಡಿ ಎಲ್ಲ ಕಡೆ ಎಳೆದು ನೋಡಿದೆವು, ಎರಡು ಮೂಲೆಯಲ್ಲಿ ಸಿಕ್ಕಿಬಿತ್ತು. ಇಪ್ಪತ್ತು ವರ್ಷದಿಂದ ಗೇಟು ಕಾಯುವ ವಾಚ್‌ಮನ್, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗಕ್ಕೆ ಬಾಟಲಿಯ ಮುಚ್ಚಳವೊಂದನ್ನು ತಂದಿಟ್ಟ. ಬಿಲ್ಡರನ ನಕಾಶೆಯಲ್ಲಿ ಅಲ್ಲೇ ಲಿಫ್ಟಿನ ಗುಂಡಿ ಇತ್ತು.

ಕೊನೆಗೆ ಎರಡು ಕಟ್ಟಡಗಳನ್ನು ಹಿಂದುಮುಂದು ಮಾಡದೆ ಅಕ್ಕಪಕ್ಕ ನಿಲ್ಲಿಸುವ ಮೂರನೆಯ ಜೋಡಣೆಗೆ ಹೆಚ್ಚಿನವರು ಒಪ್ಪಿದರು. ಬಿಲ್ಡರನೂ ಎರಡು ತಿಂಗಳು ಎಳೆದಾಡಿ ಒಪ್ಪಿದ. ಲಿಫ್ಟಿನ ಗುಂಡಿ ಸರಿಯಿತು. ಬಾವಿ ಪಕ್ಕದ ಹಲಸಿನ ಮರ ಉಳಿಯಲಿಲ್ಲ. ಎರಡು ಮನೆಯವರು ಇಂದಿಗೂ ಮುನಿಸಿಕೊಂಡಿದ್ದಾರೆ, ಅವರ ಮುನಿಸಿಗೆ ಕಾರಣವೂ ಇದೆ.

ನನ್ನನ್ನು ಕೊರೆಯುವುದು ಬೇರೆ. ಮೇಜಿನ ಸುತ್ತ ನಿಂತು ಕೈ ಹಾಕಿದವರಲ್ಲಿ ಬಾಡಿಗೆಯವರು ಇದ್ದರು, ಮನೆಗೆಲಸದ ಬಾಯಿಯಂದಿರು ಇದ್ದರು, ಆ ವಾಚ್‌ಮನ್ ಇದ್ದ. ಅವರು ಹೇಳಿದ್ದು ನಕಾಶೆಯಲ್ಲಿ ಸೇರಿತು. ಮತ ಹಾಕುವ ದಿನ ಅವರ ಹೆಸರು ರಿಜಿಸ್ಟರಿನಲ್ಲಿ ಇರಲಿಲ್ಲ, ಹೊಸ ಕಟ್ಟಡದಲ್ಲೂ ಅವರಿಗೆ ಜಾಗವಿಲ್ಲ. ಭಾಯಖಳಾದ ಹೆಂಗಸರು ಸೀರೆಯಿಂದ ಅಳೆದದ್ದು ತಮಗಾಗಿ. ನಮ್ಮ ವಾಚ್‌ಮನ್ ಮುಚ್ಚಳ ಇಟ್ಟದ್ದು ನಮಗಾಗಿ.

ಪುಣೆಯಲ್ಲೋ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಇರುವ ನಿಮ್ಮ ಸೊಸೈಟಿಗೂ ಒಂದು ದಿನ ಈ ಹಾಳೆ ಬರುತ್ತದೆ. ಆಗ ಸಹಿ ಹಾಕುವ ಮೊದಲು ಅದನ್ನು ಮೇಜಿನ ಮೇಲೆ ಎಬ್ಬಿಸಿ ನೋಡಿ. ಪ್ರಿಂಟರ್ ಇಲ್ಲದಿದ್ದರೆ ರಟ್ಟು ಸಾಕು, ಸಾಬೂನಿನ ಡಬ್ಬಿಯೂ ಸಾಕು. ನೆರೆಯ ಕಟ್ಟಡಗಳನ್ನು ಇಡಲು ಮರೆಯಬೇಡಿ. ಒಂದು ಟಾರ್ಚು ಹಿಡಿದುಕೊಳ್ಳಿ, ಗೇಟಿನವನನ್ನೂ ಕರೆಯಿರಿ.